ಕಪ್ಪು ಕಲೆಗೆ ಗಾಬರಿ ಬೇಡ, ಬಿಳಿ ಪೊರೆಗೆ ತಡ ಬೇಡ

2003ರಲ್ಲಿ ‘ಫೈಂಡಿಂಗ್ ನೀಮೊ’ ತೆರೆಕಂಡ ಮೇಲೆ ಕಿತ್ತಳೆ ಮೈಯ, ಮೂರು ಬಿಳಿ ಪಟ್ಟೆಗಳ ಕ್ಲೌನ್ ಮೀನು ಮಕ್ಕಳಿಗೂ ಗುರುತು ಸಿಗುವ ಮೀನಾಯಿತು. ಉಪ್ಪುನೀರಿನ ಅಕ್ವೇರಿಯಂ ಇಡುವ ಬಹುತೇಕರು ಮೊದಲು ತರುವುದು ಇದನ್ನೇ. ತರುವುದು ಬಣ್ಣಕ್ಕಾಗಿ, ಹಾಗಾಗಿ ಬಣ್ಣ ಒಂದಿಷ್ಟು ಬದಲಾದರೂ ಎದೆ ಝಲ್ಲೆನ್ನುತ್ತದೆ. ಮೈಮೇಲೆ ಕಪ್ಪು ಮಚ್ಚೆ ಕಂಡರೆ, ಕಿತ್ತಳೆ ಮಾಸಿದರೆ, ಬೆನ್ನ ಮೇಲೆ ಬಿಳಿಚು ಕಾಣಿಸಿದರೆ ಸಾಮಾನ್ಯವಾಗಿ ನಡೆಯುವುದು ಒಂದೇ: ಅಂಗಡಿಗೆ ಹೋಗಿ ಯಾವುದೋ ಔಷಧಿ ತಂದು ತೊಟ್ಟಿಗೆ ಸುರಿಯುವುದು. ಈ ಅಭ್ಯಾಸ ಅನೇಕ ಮೀನುಗಳ ಜೀವ ತೆಗೆಯುತ್ತದೆ. ಬಣ್ಣಗೇಡು ಒಂದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ಅದು ಎಷ್ಟು ಬೇಗ ಬಂತು, ಮೀನು ಹೇಗೆ ಉಸಿರಾಡುತ್ತಿದೆ, ಮೇವು ತಿನ್ನುತ್ತಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಔಷಧಿಯ ಮುಚ್ಚಳ ತೆಗೆಯಬಾರದು.

ಈ ಮೀನಿಗೆ ಬಣ್ಣ ಬರುವ ಬಗೆಯನ್ನು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಕಿತ್ತಳೆ, ಕಪ್ಪು, ಬಿಳಿ ಈ ಮೂರಕ್ಕೂ ಚರ್ಮದಲ್ಲಿ ಬೇರೆ ಬೇರೆ ಬಗೆಯ ಕೋಶಗಳಿವೆ. ಕಿತ್ತಳೆಗೆ ಮುಖ್ಯ ಕಾರಣ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯ. ಅದನ್ನು ಮೀನು ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಕಡಲಿನಲ್ಲಿ ಸಣ್ಣ ಸಿಗಡಿಯಂಥ ಜೀವಿಗಳಿಂದ ಅದು ಸಿಗುತ್ತದೆ. ತೊಟ್ಟಿಯಲ್ಲಿ ವರ್ಷವಿಡೀ ಒಂದೇ ಬಗೆಯ ಒಣ ಮೇವು ಹಾಕಿದರೆ ಕಿತ್ತಳೆ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಕಪ್ಪಿನ ಮೆಲನಿನ್ ಅನ್ನು ದೇಹವೇ ತಯಾರಿಸುತ್ತದೆ. ಕೋಶದೊಳಗಿನ ಕಪ್ಪು ಕಣಗಳು ಹರಡಿಕೊಂಡರೆ ಮೈ ಕಪ್ಪೇರುತ್ತದೆ, ನಡುವಿಗೆ ಸರಿದರೆ ತಿಳಿಯಾಗುತ್ತದೆ. ಒತ್ತಡ, ಹಾರ್ಮೋನು, ಬೆಳಕು ಎಲ್ಲಕ್ಕೂ ಇದು ಸ್ಪಂದಿಸುತ್ತದೆ. ಇನ್ನು ಪಟ್ಟೆಯ ಬಿಳಿ ಬಣ್ಣವೇ ಅಲ್ಲ. ಗ್ವಾನೀನ್ ಎಂಬ ವಸ್ತುವಿನ ಸೂಕ್ಷ್ಮ ಹರಳುಗಳು ಬೆಳಕನ್ನು ಹಿಂದಿರುಗಿಸುವುದರಿಂದ ಮೂಡುವ ಬಿಳುಪು ಅದು. ಮೂರರ ಮೂಲವೂ ಬೇರೆ ಎಂದ ಮೇಲೆ ಮೂರರ ಬದಲಾವಣೆಗೂ ಒಂದೇ ಔಷಧಿ ಎಂಬ ಮಾತು ನಿಲ್ಲುವುದಿಲ್ಲ.

ಬದಲಾವಣೆಯೆಲ್ಲ ಕೇಡೂ ಅಲ್ಲ. ಟೊಮ್ಯಾಟೊ ಕ್ಲೌನ್ ಮೀನಿನ ಮರಿಗೆ ಒಂದಕ್ಕಿಂತ ಹೆಚ್ಚು ಪಟ್ಟೆಗಳಿರುತ್ತವೆ, ಬೆಳೆದ ಮೇಲೆ ಉಳಿಯುವುದು ತಲೆಯ ಹಿಂದಿನ ಒಂದೇ. ಆಸ್ಟ್ರೇಲಿಯಾದ ಡಾರ್ವಿನ್ ಭಾಗದ ಆಸೆಲ್ಲಾರಿಸ್ ಕ್ಲೌನ್ ಮರಿಯಾಗಿದ್ದಾಗ ಕಿತ್ತಳೆ ಛಾಯೆಯಲ್ಲಿದ್ದು ಬೆಳೆಯುತ್ತ ಕಪ್ಪಾಗುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಆರೋಗ್ಯವಂತ ಮೀನೂ ಪೇಲವವಾಗಿ ಕಾಣುತ್ತದೆ, ಬೆಳಗಾದರೆ ಮೊದಲಿನಂತೆ. ಕ್ಲೌನ್ ಮೀನು ವಾಸಿಸುವ ಅನಿಮೋನ್ ಎಂಬ ಕಡಲಜೀವಿ ಕೂಡ ಮೈಬಣ್ಣವನ್ನು ಪ್ರಭಾವಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಿಂದ ಬಂತು. ಎರಡು ಬೇರೆ ಜಾತಿಯ ಅನಿಮೋನ್‌ಗಳಲ್ಲಿ ನೆಲೆಸಿದ ಪರ್ಕ್ಯುಲಾ ಕ್ಲೌನ್ ಮರಿಗಳಿಗೆ ಬಿಳಿ ಪಟ್ಟೆ ಬೇರೆ ಬೇರೆ ವೇಗದಲ್ಲಿ ಮೂಡುವುದನ್ನು ವಿಜ್ಞಾನಿಗಳು ಅಲ್ಲಿ ಕಂಡರು. ಬೇಗ ಪಟ್ಟೆ ಮೂಡಿದ ಮರಿಗಳಲ್ಲಿ ಥೈರಾಯ್ಡ್ ಹಾರ್ಮೋನಿನ ಪ್ರಮಾಣ ಹೆಚ್ಚಿತ್ತು ಎಂದು 2021ರಲ್ಲಿ ಪ್ರಕಟವಾದ ಆ ಅಧ್ಯಯನ ತೋರಿಸಿತು. ನೆರೆಹೊರೆ ಬದಲಾದರೆ ಮೈಬಣ್ಣವೂ ಬದಲಾಗುವ ಜೀವಿ ಇದು.

ತೊಟ್ಟಿಯಲ್ಲಿ ಅತಿ ಹೆಚ್ಚು ಗಾಬರಿ ಹುಟ್ಟಿಸುವ ಕಪ್ಪು ಮಚ್ಚೆಗಳನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಹೊಸ ಅನಿಮೋನ್ ತಂದಿಟ್ಟ ಕೆಲವೇ ದಿನಗಳಲ್ಲಿ ಮೀನಿನ ಪಕ್ಕೆ, ಗಲ್ಲ, ರೆಕ್ಕೆಯ ಬುಡದಲ್ಲಿ ಮಸಿ ಒರೆಸಿದಂಥ ಗುರುತು ಕಾಣಿಸುತ್ತದೆ. ಅಂಚು ಹರಿತವಾಗಿರುವುದಿಲ್ಲ, ಉಬ್ಬಿರುವುದಿಲ್ಲ, ಬಿಳಿ ಪಟ್ಟೆಯ ಮೇಲಿದ್ದರೆ ಇನ್ನಷ್ಟು ಎದ್ದು ಕಾಣುತ್ತದೆ. ಅನಿಮೋನ್‌ಗೆ ಒಗ್ಗಿಕೊಳ್ಳುವ ಹೊತ್ತಿನಲ್ಲಿ ಅದರ ಕುಟುಕಿಗೆ ಚರ್ಮ ಹೆಚ್ಚು ಮೆಲನಿನ್ ಒದಗಿಸುವುದೇ ಇದಕ್ಕೆ ಬಹುಮಟ್ಟಿನ ಕಾರಣ. ಮೀನು ಎಂದಿನಂತೆ ಈಜುತ್ತ, ಮೇವಿಗೆ ಮೇಲೆ ಬರುತ್ತಿದ್ದರೆ ವಾರಗಳಲ್ಲಿ ಈ ಕಲೆ ತಾನೇ ತಿಳಿಯಾಗುತ್ತದೆ. ಬೇರೆ ದೇಶಗಳ ತೊಟ್ಟಿಗಳಲ್ಲಿ ಕ್ಲೌನ್ ಮೀನು ಹವಳದಲ್ಲಿ ಮನೆ ಮಾಡಿಕೊಂಡಾಗಲೂ ಹೀಗಾಗುವುದುಂಟು. ನಮ್ಮಲ್ಲಿ ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ ಅವನ್ನು ತೊಟ್ಟಿಗೆ ತರುವಂತಿಲ್ಲ. ಅನಿಮೋನೇ ಇಲ್ಲದ ತೊಟ್ಟಿಯಲ್ಲಿ ಕಪ್ಪು ಕಂಡರೆ ಮಾತ್ರ ಮೊದಲು ಅಮೋನಿಯಾ ಪರೀಕ್ಷಿಸಬೇಕು. ಅಮೋನಿಯಾದಿಂದ ಸುಟ್ಟ ಚರ್ಮ ಮಾಯುವಾಗಲೂ ಕಪ್ಪಾಗುತ್ತದೆ. ಆಗ ಚಿಕಿತ್ಸೆ ಬೇಕಿರುವುದು ನೀರಿಗೆ.

ನಿಜವಾಗಿ ಹೆದರಬೇಕಾದದ್ದು ಬಿಳಿಚಿಗೆ. ಬ್ರೂಕ್ಲಿನೆಲ್ಲಾ ಎಂಬ ಏಕಕೋಶ ಪರಾವಲಂಬಿ ಕ್ಲೌನ್ ಮೀನುಗಳನ್ನು ಎಷ್ಟು ಕಾಡುತ್ತದೆಂದರೆ ಅದು ತರುವ ಕಾಯಿಲೆಯನ್ನು ಅಕ್ವೇರಿಯಂನವರು ಕ್ಲೌನ್ ಮೀನಿನ ರೋಗವೆಂದೇ ಕರೆಯುತ್ತಾರೆ. ಮೀನು ಮೊದಲು ಮೇವು ಬಿಡುತ್ತದೆ, ನೀರಿನ ಮೇಲ್ಭಾಗದಲ್ಲಿ ಏದುಸಿರು ಬಿಡುತ್ತದೆ, ಕಿವಿರಿನ ಮುಚ್ಚಳ ಎಡೆಬಿಡದೆ ಬಡಿದುಕೊಳ್ಳುತ್ತದೆ. ಆಮೇಲೆ ಮೈಮೇಲೆ ಬೂದು ಬಿಳಿಯ ಲೋಳೆ ದಪ್ಪಗೆ ಕಟ್ಟಿ ಎಳೆಎಳೆಯಾಗಿ ಕಳಚುತ್ತದೆ, ಕೆಳಗಿನ ಕಿತ್ತಳೆ ಮಂಕಾಗುತ್ತದೆ. ಇಷ್ಟಾದ ಮೇಲೆ ಉಳಿದಿರುವುದು ಕೆಲವೇ ದಿನ, ಒಮ್ಮೊಮ್ಮೆ ಅದೂ ಇಲ್ಲ. ಉಪ್ಪಿನ ಹರಳಿನಂಥ ಬಿಡಿ ಚುಕ್ಕೆಗಳಾದರೆ ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿ, ಹೊಂಬಣ್ಣದ ಹಿಟ್ಟು ಉದುರಿಸಿದಷ್ಟು ನುಣುಪಾಗಿದ್ದರೆ ಅಮಿಲೂಡಿನಿಯಮ್ ಎಂಬ ಇನ್ನೊಂದು ಪರಾವಲಂಬಿ ಇರಬಹುದು. ಎರಡನೆಯದೂ ಮಾರಕ ವೇಗದ್ದೇ. ರೆಕ್ಕೆಯಂಚಿನಲ್ಲಿ ಹೂಕೋಸಿನಂಥ ಗಂಟು ಕಟ್ಟುವ ಲಿಂಫೊಸಿಸ್ಟಿಸ್ ನೋಡಲು ಭೀಕರವಾದರೂ ವೈರಸ್ಸಿನಿಂದ ಬಂದು ಹೆಚ್ಚಿನ ಬಾರಿ ತಾನೇ ಇಳಿಯುತ್ತದೆ. ನೋಟದ ಭೀಕರತೆಗೂ ಅಪಾಯಕ್ಕೂ ತಾಳೆಯಿಲ್ಲ. ಅಪಾಯ ತಿಳಿಯುವುದು ಉಸಿರಾಟದಿಂದ.

‘ಯಾವುದಕ್ಕೂ ಇರಲಿ, ಮೊದಲೇ ಔಷಧಿ ಹಾಕಿದರೆ ನಷ್ಟವೇನು’ ಎಂದು ಕೇಳುವವರಿದ್ದಾರೆ. ನಷ್ಟ ಇದೆ. ಕ್ರಿಪ್ಟೊಕ್ಯಾರಿಯಾನ್, ಅಮಿಲೂಡಿನಿಯಮ್‌ಗಳಿಗೆ ಕೆಲಸ ಮಾಡುವ ತಾಮ್ರದ ಔಷಧಿ ಬ್ರೂಕ್ಲಿನೆಲ್ಲಾವನ್ನು ಖಚಿತವಾಗಿ ನಿಲ್ಲಿಸುವುದಿಲ್ಲ. ಅದಕ್ಕೆ ರೂಢಿಯ ಚಿಕಿತ್ಸೆ ಫಾರ್ಮಾಲಿನ್. ಅದೇ ತಾಮ್ರ ಅನಿಮೋನ್, ಸಿಗಡಿ, ಶಂಖದ ಹುಳುಗಳಿಗೆ ವಿಷ. ಕಲ್ಲು, ಮರಳಿನಲ್ಲಿ ಅಂಟಿಕೊಂಡು ಮುಂದೆಯೂ ಸೋರುತ್ತದೆ. ಫಾರ್ಮಾಲಿನ್ ನೀರಿನ ಆಮ್ಲಜನಕವನ್ನು ತಗ್ಗಿಸುತ್ತದೆ, ಮನುಷ್ಯರಿಗೂ ಹಾನಿಕರ. ಮೆಲನಿನ್ ಮಚ್ಚೆಯಷ್ಟೇ ಇದ್ದ ಮೀನಿಗೆ ಇವನ್ನು ಹಾಕಿದರೆ ಇಲ್ಲದ ರೋಗ ವಾಸಿಯಾಗುವುದಿಲ್ಲ, ಇದ್ದ ಆರೋಗ್ಯ ಕೆಡುತ್ತದೆ. ಕ್ರಿಪ್ಟೊಕ್ಯಾರಿಯಾನ್ ಚುಕ್ಕೆಗಳಂತೂ ಔಷಧಿ ಹಾಕದಿದ್ದರೂ ಒಮ್ಮೆ ಮಾಯವಾಗುತ್ತವೆ, ಏಕೆಂದರೆ ಪರಾವಲಂಬಿ ಮೈಬಿಟ್ಟು ತಳದಲ್ಲಿ ಕೋಶ ಕಟ್ಟಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಿರುತ್ತದೆ. ಚುಕ್ಕೆ ಹೋಯಿತು, ಔಷಧಿ ಫಲಿಸಿತು ಎಂದು ನಂಬಿ ಕೈಬಿಟ್ಟ ತೊಟ್ಟಿಯಲ್ಲಿ ಅದು ಇಮ್ಮಡಿಯಾಗಿ ಮರಳುತ್ತದೆ.

ಹಾಗಾದರೆ ಕಾಯುತ್ತ ಕೂರಬೇಕೇ, ಅಷ್ಟರಲ್ಲಿ ಮೀನು ಸತ್ತರೆ ಎಂಬ ಆಕ್ಷೇಪಕ್ಕೆ ತೂಕವಿದೆ. ಬ್ರೂಕ್ಲಿನೆಲ್ಲಾ ಇದ್ದಲ್ಲಿ ಕಾಯುವುದು ಅಪಾಯವೇ. ಆದರೆ ಮೇಲಿನ ಮೂರು ಪ್ರಶ್ನೆ ಕೇಳಲು, ಅಮೋನಿಯಾ, ನೈಟ್ರೈಟ್, ಉಪ್ಪಿನಂಶ, ತಾಪಮಾನ ನೋಡಲು ಅರ್ಧ ಗಂಟೆ ಸಾಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಉಷ್ಣಾಂಶ 25ರಿಂದ 27 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ಏದುಸಿರು ಮತ್ತು ಲೋಳೆ ಒಟ್ಟಿಗೆ ಕಂಡರೆ ಅಂದೇ ಮೀನನ್ನು ಬೇರೆ ತೊಟ್ಟಿಗೆ ಹಾಕಿ, ಗಾಳಿ ಹೆಚ್ಚಿಸಿ, ಮೀನಿನ ಆರೋಗ್ಯ ಬಲ್ಲ ಪಶುವೈದ್ಯರ ಸಲಹೆಯಂತೆ ಚಿಕಿತ್ಸೆ ಆರಂಭಿಸಬೇಕು. ಚರ್ಮದ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪರಾವಲಂಬಿ ಯಾವುದೆಂದು ಖಚಿತವಾಗುತ್ತದೆ. ಉಸಿರು ಸರಿಯಿದ್ದು, ಹಸಿವಿದ್ದು, ಬಣ್ಣ ಮಾತ್ರ ಬದಲಾಗಿದ್ದರೆ ದಿನವೂ ಒಂದು ಫೋಟೊ ತೆಗೆದಿಟ್ಟು ಹೋಲಿಸುತ್ತ ಹೋಗುವುದೇ ಸರಿಯಾದ ದಾರಿ.

ಬಣ್ಣ ಹೆಚ್ಚಿಸುವ ಮೇವು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬುದೂ ಅರೆಸತ್ಯ. ಅಸ್ಟಾಕ್ಸಾಂಥಿನ್ ಎಂಬ ಕೆರೋಟಿನಾಯ್ಡ್ ಇರುವ ಮೇವು ಮಾಸಿದ ಕಿತ್ತಳೆಯನ್ನು ವಾರಗಳಲ್ಲಿ ಮರಳಿ ತರಬಲ್ಲದು, ನಿಜ. ಆದರೆ ಹರಳಿನಿಂದಾದ ಬಿಳಿ ಪಟ್ಟೆಗೆ, ಮೆಲನಿನ್ನಿನ ಕಪ್ಪಿಗೆ, ರೋಗ ತಂದ ಬಿಳಿಚಿಗೆ ಅದು ಏನೂ ಮಾಡದು. ಇದಕ್ಕಿಂತ ದೊಡ್ಡ ಎಚ್ಚರ ಕೊಳ್ಳುವಾಗಲೇ ಇರಬೇಕು. ದೂರದಿಂದ ಸಾಗಿಸಿ ತಂದ, ಕಡಲಲ್ಲಿ ಹಿಡಿದ ಮೀನಿನಲ್ಲಿ ಬ್ರೂಕ್ಲಿನೆಲ್ಲಾ ಕಾಟ ಹೆಚ್ಚು. ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆ ನಮ್ಮ ದೇಶದಲ್ಲಿ ಕೈಗೂಡಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಳಿಂಜಂ, ಮಂಡಪಂ ಕೇಂದ್ರಗಳು ಅದಕ್ಕೆ ದಾರಿ ಮಾಡಿವೆ. ತೊಟ್ಟಿಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ಕೊಳ್ಳಿ. ತಂದದ್ದನ್ನು ನಾಲ್ಕು ವಾರವಾದರೂ ಬೇರೆ ತೊಟ್ಟಿಯಲ್ಲಿರಿಸಿ ಗಮನಿಸಿ. ಆಮೇಲೂ ಬಣ್ಣ ಬದಲಾದರೆ ಮೊದಲು ಕಿವಿರನ್ನು ನೋಡಿ, ಆಮೇಲೆ ನೀರನ್ನು ಪರೀಕ್ಷಿಸಿ. ಔಷಧಿಯ ಸರದಿ ಕಡೆಯದು.