ನೊರೆ ಕಾಯುವ ಪೆಟ್ಟಿಗೆ

ಅಮೆರಿಕದಲ್ಲಿ ಮರಗೆಲಸದ ಹುಚ್ಚು ಹತ್ತಿದವರು ಮನೆಯ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ದುಡಿದು ಕಟ್ಟಿಕೊಳ್ಳುವ ಒಂದು ವಸ್ತುವಿದೆ: ಸ್ವಂತದ ಬಾರ್. ಹೊರಗೆ ಎದೆಮಟ್ಟದ ಓಕ್ ಮರದ ಕಟ್ಟೆ, ಒಳಗೆ ಪುಟ್ಟ ಫ್ರಿಜ್, ಅದರೊಳಗೆ ಬಿಯರ್ ತುಂಬಿದ ಉಕ್ಕಿನ ಪೀಪಾಯಿ, ಕಟ್ಟೆಯ ಮೇಲೆ ಹೊಳೆಯುವ ನಲ್ಲಿ. ಪಾಲಿಶ್ ಒಣಗಿ, ನೆಂಟರಿಷ್ಟರು ಸೇರಿ, ನಲ್ಲಿಯ ಹಿಡಿಯನ್ನು ಎಳೆದ ಮೊದಲ ದಿನ ಎಷ್ಟೋ ಮಂದಿಗೆ ಸಿಗುವುದು ಲೋಟದ ತುಂಬ ಬರೀ ನೊರೆ. ಆ ನೊರೆ ಏಕೆ ಬಂತೆಂದು ಹುಡುಕುತ್ತ ಹೋದರೆ ಇಡೀ ಯಂತ್ರದ ಗುಟ್ಟು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಈ ಯಂತ್ರಕ್ಕೆ ಅಲ್ಲಿ ಕೆಜರೇಟರ್ ಎಂದು ಹೆಸರು. ಪೀಪಾಯಿ ಎಂಬರ್ಥದ ಕೆಗ್ ಮತ್ತು ರೆಫ್ರಿಜರೇಟರ್ ಕೂಡಿ ಹುಟ್ಟಿದ ಪದ ಅದು. ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವವರಿಗೆ ಫೆಡರಲ್ ತೆರಿಗೆಯಿಂದ ವಿನಾಯಿತಿ ಕೊಟ್ಟ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಆಮೇಲೆ ಈ ಹವ್ಯಾಸ ಹಬ್ಬಿತು. ತಂಪು ಪಾನೀಯದ ಸಿರಪ್ ತುಂಬಲು ಬಳಸುತ್ತಿದ್ದ ಸುಮಾರು 19 ಲೀಟರಿನ ಹಳೆಯ ಉಕ್ಕಿನ ಪೀಪಾಯಿಗಳು ಹವ್ಯಾಸಿಗಳ ಕೈ ಸೇರಿ ಬಿಯರಿನ ಪಾತ್ರೆಗಳಾದವು.

ನೊರೆಯ ಮೂಲ ಇಂಗಾಲದ ಡೈಆಕ್ಸೈಡ್. ನಮ್ಮ ಗೋಲಿಸೋಡಾದಲ್ಲಿ ಇರುವುದೂ ಅದೇ. ಗೋಲಿ ಒಳಗೆ ಜಾರಿದ ಕ್ಷಣ ಸೀಸೆಯ ಒತ್ತಡ ಇಳಿಯುತ್ತದೆ, ನೀರಿನಲ್ಲಿ ಕರಗಿ ಕೂತಿದ್ದ ಅನಿಲ ಬುಸ್ಸೆಂದು ಎದ್ದುಬರುತ್ತದೆ. ನೀರಿಗೆ ಈ ಅನಿಲ ಬೆರೆಸುವ ವಿದ್ಯೆ ಹುಟ್ಟಿದ್ದೇ ಬಿಯರಿನ ನೆರೆಯಲ್ಲಿ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ 1767ರ ಹೊತ್ತಿಗೆ ಬಿಯರ್ ತಯಾರಿಕೆಯ ಕಟ್ಟಡವೊಂದರ ಪಕ್ಕದಲ್ಲೇ ವಾಸವಿದ್ದ ಜೋಸೆಫ್ ಪ್ರೀಸ್ಟ್ಲಿ, ಹುದುಗುವ ತೊಟ್ಟಿಗಳ ಮೇಲೆ ತೇಲುವ ಅನಿಲವನ್ನು ನೀರಿಗೆ ಬೆರೆಸಿ ಸೋಡಾ ಮಾಡಿದರು. 1803ರಲ್ಲಿ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ಅದರ ಲೆಕ್ಕ ಕಂಡುಕೊಂಡರು: ದ್ರವದ ಮೇಲೆ ಅನಿಲದ ಒತ್ತಡ ಎಷ್ಟು ಹೆಚ್ಚುತ್ತದೋ ಕರಗುವ ಅನಿಲವೂ ಅಷ್ಟೇ ಹೆಚ್ಚುತ್ತದೆ. ಇದರ ಜೊತೆಗೆ ತಂಪಿನ ಪಾತ್ರವೂ ಇದೆ. ಹಿಮದಷ್ಟು ತಣ್ಣಗಿನ ನೀರು ಹಿಡಿದುಕೊಳ್ಳುವ ಅನಿಲದಲ್ಲಿ ಅರ್ಧದಷ್ಟನ್ನು ಮಾತ್ರ 20 ಡಿಗ್ರಿ ಸೆಲ್ಸಿಯಸ್ಸಿನ ನೀರು ಹಿಡಿದುಕೊಂಡೀತು.

ಪೀಪಾಯಿಯ ವ್ಯವಸ್ಥೆ ನಿಂತಿರುವುದು ಈ ಎರಡು ಮಾತುಗಳ ಮೇಲೆ. ಬಿಯರನ್ನು 3–4 ಡಿಗ್ರಿಯಲ್ಲಿಟ್ಟು, ಮೇಲಿನಿಂದ ಸುಮಾರು 12 ಪಿಎಸ್‌ಐ ಒತ್ತಡ ಕೊಟ್ಟರೆ ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರಿನಷ್ಟು ಅನಿಲ ಕರಗಿ ನಿಲ್ಲುತ್ತದೆ. ಟೈರಿಗೆ ಗಾಳಿ ಹಾಕಿಸುವಾಗ ಹೇಳುವ ಪಿಎಸ್‌ಐ ಲೆಕ್ಕವೇ ಇದು. ಸ್ಕೂಟರಿನ ಹಿಂದಿನ ಚಕ್ರಕ್ಕೆ ಬೇಕಾದ ಒತ್ತಡದ ಅರ್ಧವೂ ಇಲ್ಲ. ಆದರೆ ಈ ಅನಿಲ ಒದಗಿಸುವ ಸಿಲಿಂಡರಿನೊಳಗಿನ ಒತ್ತಡ 800 ಪಿಎಸ್‌ಐ ಮುಟ್ಟುತ್ತದೆ. ಅದನ್ನು 12ಕ್ಕೆ ಇಳಿಸಿಕೊಡುವುದು ರೆಗ್ಯುಲೇಟರ್. ಅಡುಗೆ ಅನಿಲದಂತೆ ಇಲ್ಲಿಯೂ ಸಿಲಿಂಡರಿನಲ್ಲಿರುವುದು ದ್ರವ. ದ್ರವ ತೀರುವ ತನಕ ಒತ್ತಡ ಇಳಿಯುವುದಿಲ್ಲ. ಹಾಗಾಗಿ ಎಷ್ಟು ಉಳಿದಿದೆಯೆಂದು ತಿಳಿಯಲು ಒತ್ತಡಮಾಪಕದ ಮುಳ್ಳು ನೋಡಿದರೆ ಸಾಲದು, ತೂಕ ಹಾಕಬೇಕು.

ಈಗ ನೊರೆಯ ವಿಷಯ. ಪೀಪಾಯಿಯಲ್ಲಿ 12 ಪಿಎಸ್‌ಐ, ಲೋಟದ ಬಳಿ ಸೊನ್ನೆ. ಗಿಡ್ಡ ಕೊಳವೆಯಲ್ಲಿ ಬಿಯರ್ ರಭಸದಿಂದ ನುಗ್ಗಿ, ನಲ್ಲಿಯ ಬಾಯಿಯಲ್ಲಿ ಒಮ್ಮೆಲೇ ಒತ್ತಡ ಕಳೆದುಕೊಳ್ಳುತ್ತದೆ. ಗೋಲಿಸೋಡಾದ ಕತೆಯೇ ಮತ್ತೆ. ಒತ್ತಡ ತಗ್ಗಿಸೋಣವೆಂದರೆ ದಿನ ಕಳೆದಂತೆ ಬಿಯರ್ ಸಪ್ಪೆಯಾಗುತ್ತದೆ. ಬಲ್ಲವರು ಒತ್ತಡದ ಗೊಡವೆಗೆ ಹೋಗದೆ ಕೊಳವೆಯನ್ನು ಉದ್ದ ಮಾಡುತ್ತಾರೆ. ಒಳವ್ಯಾಸ 5 ಮಿಲಿಮೀಟರಿಗಿಂತ ತುಸು ಕಡಿಮೆಯಿರುವ ಎರಡು–ಮೂರು ಮೀಟರ್ ಕೊಳವೆಯನ್ನು ಫ್ರಿಜ್ಜಿನೊಳಗೇ ಸುರುಳಿ ಸುತ್ತಿಡುತ್ತಾರೆ. ಕೊಳವೆಯ ಗೋಡೆಗೆ ಉಜ್ಜಿಕೊಂಡು ಸಾಗುವ ಬಿಯರ್ ಗೇಣುಗೇಣಿಗೂ ಒಂದಿಷ್ಟು ಒತ್ತಡ ಬಿಟ್ಟುಕೊಡುತ್ತ ಬಂದು ಸಮಾಧಾನವಾಗಿ ಲೋಟಕ್ಕಿಳಿಯುತ್ತದೆ. ಆಗುಂಬೆ ಘಾಟಿಯಲ್ಲಿ ರಸ್ತೆ ತಿರುವಿನ ಮೇಲೆ ತಿರುವು ಹಾಕಿ ಬಸ್ಸನ್ನು ಕೆಳಗಿಳಿಸುತ್ತದಲ್ಲ, ಇದೂ ಹಾಗೆಯೇ. ಕೊಳವೆ ತುಸು ಅಗಲವಾದರೂ ತಡೆ ಬಹಳ ಕುಸಿಯುತ್ತದೆ. ಆಗ ಇನ್ನೂ ಉದ್ದದ ಕೊಳವೆ ಬೇಕಾಗುತ್ತದೆ.

ಇಷ್ಟಾದರೂ ಮೊದಲ ಲೋಟ ನೊರೆಯುವುದುಂಟು. ಕಾರಣ ಕಟ್ಟೆಯ ಮೇಲೆ ನಿಂತ ನಲ್ಲಿಯ ಕಂಬ. ಅದು ಫ್ರಿಜ್ಜಿನ ಹೊರಗಿರುವುದರಿಂದ ಅದರೊಳಗಿನ ಕೊಳವೆ ಬೆಚ್ಚಗಾಗಿರುತ್ತದೆ. ಬಿಸಿ ತಾಕಿದ ಬಿಯರ್ ಅನಿಲವನ್ನು ಬಿಟ್ಟುಬಿಡುತ್ತದೆ. ಫ್ರಿಜ್ಜಿನ ತಂಪುಗಾಳಿಯನ್ನು ಚಿಕ್ಕ ಫ್ಯಾನಿನಿಂದ ಕಂಬದೊಳಗೆ ಊದಿಸುವುದು ಇದಕ್ಕೆ ಮದ್ದು. ನಲ್ಲಿಯನ್ನು ಅರೆಬರೆ ತೆರೆಯುವುದೂ ತಪ್ಪು; ಇಕ್ಕಟ್ಟಿನಲ್ಲಿ ಬಿಯರ್ ಕದಡಿ ನೊರೆ ಏಳುತ್ತದೆ. ಹಿಡಿಯನ್ನು ಒಂದೇ ಸಲ ಪೂರ್ತಿ ಎಳೆಯಬೇಕು.

ಮರದ ಕೆಲಸದಲ್ಲಿ ಹೊಸಬರು ಸೋಲುವುದು ಎರಡು ಕಡೆ. ಮೊದಲನೆಯದು ಫ್ರಿಜ್ಜಿನ ಬಿಸಿ. ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಚೆಂದಕ್ಕೆಂದು ಸುತ್ತಲೂ ಹಲಗೆ ಬಿಗಿದರೆ ಚೆಲ್ಲಿದ ಶಾಖ ಅಲ್ಲೇ ಸುತ್ತಿ, ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬಸವಳಿಯುತ್ತದೆ. ಕೆಳಗಿನಿಂದ ತಂಗಾಳಿ ಬರಲು, ಹಿಂದಿನಿಂದ ಬಿಸಿಗಾಳಿ ಹೋಗಲು ದಾರಿ ಬಿಡಲೇಬೇಕು. ಫ್ರಿಜ್ಜಿಗೆ ರಂಧ್ರ ಕೊರೆಯುವಾಗಲೂ ಎಚ್ಚರ ಬೇಕು: ಎಷ್ಟೋ ಫ್ರಿಜ್ಜುಗಳ ಗೋಡೆಯೊಳಗೆ ತಂಪುಕಾರಕ ಅನಿಲದ ಸಣ್ಣ ನಳಿಕೆಗಳು ಹರಿದಿರುತ್ತವೆ, ಒಂದಕ್ಕೆ ಡ್ರಿಲ್ ತಗುಲಿದರೂ ಫ್ರಿಜ್ ಸತ್ತಂತೆ.

ಎರಡನೆಯದು ಹಲಗೆಯ ಚಲನೆ. ಮಲೆನಾಡಿನ ಮನೆಗಳಲ್ಲಿ ಆಷಾಢದ ಮಳೆ ಹಿಡಿದರೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಬೇಸಗೆಗೆ ಸಡಿಲವಾಗುತ್ತದೆ. ಮರದ ನಾರುಗಳು ಕಾಂಡದ ಉದ್ದಕ್ಕೆ ಮಲಗಿರುತ್ತವೆ. ತೇವ ಅವುಗಳ ಗೋಡೆಯೊಳಗೆ ಸೇರಿಕೊಂಡಾಗ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಮೆರಿಕದಲ್ಲಿ ಚಳಿಗಾಲದ ಹೀಟರ್ ಮನೆಯ ಗಾಳಿಯನ್ನು ಒಣಗಿಸುತ್ತದೆ, ಬೇಸಗೆ ತೇವ ತರುತ್ತದೆ. ಎರಡಡಿ ಅಗಲದ ಓಕ್ ಹಲಗೆ ಇವೆರಡರ ನಡುವೆ ಅರ್ಧ ಸೆಂಟಿಮೀಟರಿಗೂ ಹೆಚ್ಚು ಹಿಗ್ಗಿ ಕುಗ್ಗಬಹುದು. ಸ್ಕ್ರೂ ಬಿಗಿದು ಅದನ್ನು ಅಲುಗಾಡದಂತೆ ಕಟ್ಟಿಹಾಕಿದರೆ ಹಲಗೆ ಸೀಳುತ್ತದೆ. ಅದಕ್ಕೇ ಅನುಭವಿ ಬಡಗಿ ಸ್ಕ್ರೂವಿಗೆ ದುಂಡು ತೂತಿನ ಬದಲು ಉದ್ದನೆಯ ಸೀಳುತೂತು ಕೊರೆದು ಹಲಗೆಗೆ ಸರಿದಾಡಲು ಜಾಗ ಬಿಡುತ್ತಾನೆ.

ಕೊನೆಗೆ ಜೀವದ ಮಾತು. ಇಂಗಾಲದ ಡೈಆಕ್ಸೈಡಿಗೆ ವಾಸನೆಯಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ನೆಲಮಾಳಿಗೆಯಂಥ ತಗ್ಗಿನ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು ಉಸಿರು ಕಟ್ಟಿಸಬಲ್ಲದು. ಜೋಡಣೆಗಳಿಗೆಲ್ಲ ಸಾಬೂನು ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು, ಕೋಣೆಗೆ ಗಾಳಿಯಾಡಬೇಕು, ಅನಿಲ ಹೆಚ್ಚಾದರೆ ಕೂಗಿ ಎಚ್ಚರಿಸುವ ಉಪಕರಣವಿದ್ದರೆ ನೆಮ್ಮದಿ.

ಬಂದವರು ಮೆಚ್ಚಿ ಸವರುವುದು ಓಕ್ ಮರದ ಹೊಳಪನ್ನು. ಆದರೆ ಆ ಹೊಳಪು ಹತ್ತು ಚಳಿಗಾಲ ಸೀಳದೆ ಉಳಿಯುವುದು ಅಡಿಯಲ್ಲಿ ಕಾಣದಂತೆ ಕೊರೆದ ಸೀಳುತೂತುಗಳಿಂದ. ಲೋಟದಲ್ಲಿ ಎರಡು ಬೆರಳಷ್ಟೇ ನೊರೆ ನಿಲ್ಲುವುದು ಕತ್ತಲಲ್ಲಿ ಸುರುಳಿ ಸುತ್ತಿ ಕೂತ ಮೂರು ಮೀಟರ್ ಕೊಳವೆಯಿಂದ. ಮರಕ್ಕೆ ಸರಿಯಲು ಜಾಗ, ಒತ್ತಡಕ್ಕೆ ಇಳಿಯಲು ದಾರಿ: ಕಟ್ಟುವವನ ಜಾಣ್ಮೆಯೆಲ್ಲ ಇವೆರಡನ್ನು ಬಿಟ್ಟುಕೊಡುವುದರಲ್ಲಿದೆ.