ಸ್ವಿಚ್‌ನಲ್ಲಿ ‘ಮ್ಯಾಕ್ ಫ್ಲ್ಯಾಪ್’ ಎಚ್ಚರಿಕೆ ಬಂದರೆ ವೈಫೈ ಹ್ಯಾಕ್ ಆಗಿದೆಯೇ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲೇ ಇರಲಿ, ಆಸ್ಪತ್ರೆ, ಕಾಲೇಜುಗಳ ನೆಟ್‌ವರ್ಕ್ ಸ್ವಿಚ್‌ನಲ್ಲಿ ಈ ಎಚ್ಚರಿಕೆ ಕಾಣಬಹುದು. ‘ಹ್ಯಾಕ್ ಆಗಿದೆ’ ಎಂದು ಫಾರ್ವರ್ಡ್ ಮಾಡುವ ಮುನ್ನ ಕಾರಣ ನೋಡೋಣ.

ವೈಫೈಗೆ ಸೇರುವ ಪ್ರತಿ ಮೊಬೈಲ್‌ಗೂ 48 ಬಿಟ್‌ಗಳ ಮ್ಯಾಕ್ ವಿಳಾಸವಿರುತ್ತದೆ. ಅದು ಯಾವ ಪೋರ್ಟ್‌ನಿಂದ ಬಂತೆಂದು ಸ್ವಿಚ್ ನೆನಪಿಡುತ್ತದೆ. ನಾವು ಮಹಡಿ ಹತ್ತಿದಾಗ ಮೊಬೈಲ್ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್‌ಗೆ ಸೇರುತ್ತದೆ. ಅದೇ ವಿಳಾಸ ಬೇರೆ ಪೋರ್ಟ್‌ನಲ್ಲಿ ಕಾಣುತ್ತದೆ. ಹೀಗೆ ಪದೇ ಪದೇ ಅತ್ತಿತ್ತ ಆದರೆ ಸ್ವಿಚ್ ಎಚ್ಚರಿಸುತ್ತದೆ.

ಎರಡೂ ಪೋರ್ಟ್‌ಗಳಲ್ಲಿ ಆ್ಯಕ್ಸೆಸ್ ಪಾಯಿಂಟ್‌ಗಳೇ ಇದ್ದು, ವಿಳಾಸ ಮೊಬೈಲಿನದಾಗಿದ್ದರೆ ಸಾಮಾನ್ಯವಾಗಿ ಭಯ ಬೇಡ. ಕದಲದ ಪ್ರಿಂಟರ್, ಕಂಪ್ಯೂಟರ್‌ಗಳ ವಿಳಾಸವೂ ಪೋರ್ಟ್ ಬದಲಿಸುತ್ತಿದ್ದು, ನೆಟ್ ನಿಧಾನವಾದರೆ, ಕೇಬಲ್‌ನ ಎರಡೂ ತುದಿ ಸ್ವಿಚ್‌ಗೇ ಸೇರಿ ಲೂಪ್ ಆಗಿರಬಹುದು. ಅದು ಇಡೀ ಆಸ್ಪತ್ರೆಯ ನೆಟ್‌ವರ್ಕ್ ನಿಲ್ಲಿಸಬಲ್ಲದು. ಆಗ ಮೊದಲು ಕೇಬಲ್ ಪರೀಕ್ಷಿಸಿ.