ಮೀನುತೊಟ್ಟಿಯ ಅಡ್ಡಪಟ್ಟಿಯನ್ನು ತೆಗೆಯಬಹುದೇ?

ಬೆಳುಗುಪ್ಪದ ನಮ್ಮ ಮನೆಯಲ್ಲಿ ಕಳೆದ ಬೇಸಿಗೆ ರಜೆಯಲ್ಲಿ ಅಕ್ವೇರಿಯಂ ತೊಳೆಯುತ್ತಿದ್ದ ಮಗ ಒಂದು ಪ್ರಶ್ನೆ ಕೇಳಿದ. ತೊಟ್ಟಿಯ ಮೇಲ್ತುದಿಯಲ್ಲಿ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಅಂಟಿಸಿರುವ ಅಡ್ಡಪಟ್ಟಿ ಕೈಗೂ ಅಡ್ಡಿ, ಬೆಳಕಿಗೂ ಅಡ್ಡಿ. ಬ್ಲೇಡಿನಿಂದ ಕೊಯ್ದು ತೆಗೆಯಲೇ ಎಂದು. ಆ ಪಟ್ಟಿಗೆ ನೀರೇ ತಾಗುವುದಿಲ್ಲವಾದ್ದರಿಂದ ಅದು ನಿರುಪಯುಕ್ತವೆಂದು ತೋರುವುದು ಸಹಜ. ತೀರ್ಪಿಗೆ ಮೊದಲು ಸಾಕ್ಷ್ಯ ನೋಡೋಣವೆಂದೆ. ಸಾಕ್ಷ್ಯ ಅವನ ವಿಜ್ಞಾನ ಪಠ್ಯದಲ್ಲಿಯೇ ಇತ್ತು.

ಒಂದು ಸೆಂಟಿಮೀಟರ್ ಆಳ ಹೆಚ್ಚಿದಂತೆ ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಗ್ರಾಂ ಭಾರದಷ್ಟು ಒತ್ತಡ ಹೆಚ್ಚುತ್ತದೆ. ನಮ್ಮ ತೊಟ್ಟಿಯ ಉದ್ದ 120 ಸೆಂ.ಮೀ., ನೀರಿನ ಎತ್ತರ 45 ಸೆಂ.ಮೀ. ಮೇಲೆ ಸೊನ್ನೆ, ತಳದಲ್ಲಿ 45, ಸರಾಸರಿ 22.5 ಗ್ರಾಂ. ಮುಂದಿನ ಗಾಜಿನ 5,400 ಚದರ ಸೆಂಟಿಮೀಟರಿಗೆ ಗುಣಿಸಿದರೆ 121.5 ಕಿಲೋ. ಎರಡು ಮೂಟೆ ಸಿಮೆಂಟಿಗೂ ಮೀರಿದ ಭಾರ ಹಗಲಿರುಳು ಆ ಗಾಜನ್ನು ಹೊರಕ್ಕೆ ತಳ್ಳುತ್ತಿರುತ್ತದೆ.

ತಳದಲ್ಲಿ ಒತ್ತಡ ಹೆಚ್ಚಾದ್ದರಿಂದಲೇ ನಮ್ಮ ಸೀಮೆಯ ಕೆರೆ ಕಟ್ಟೆಗಳ ಬುಡ ಅಗಲ. ಹಾಗಿದ್ದರೆ ಪಟ್ಟಿ ಮೇಲೇಕೆ? ಗಾಜಿನ ತಳವನ್ನೂ ಎರಡು ಪಕ್ಕಗಳನ್ನೂ ಬೇರೆ ಗಾಜುಗಳು ಹಿಡಿದಿವೆ. ಮೇಲಿನ ಅಂಚಿಗೆ ಮಾತ್ರ ಆಸರೆಯಿಲ್ಲ. ಉದ್ದನೆಯ ಗಾಜು ಆ ಅಂಚಿನ ನಡುವಿನಲ್ಲಿ ಹೊರಕ್ಕೆ ಬಾಗುತ್ತದೆ. ಅಡ್ಡಪಟ್ಟಿಯು ಮುಂದಿನ, ಹಿಂದಿನ ಗಾಜುಗಳು ಪರಸ್ಪರ ಹಿಡಿದುಕೊಳ್ಳುವಂತೆ ಮಾಡುತ್ತದೆ.

ಪಟ್ಟಿಯಿಲ್ಲದ ತೊಟ್ಟಿಗಳೂ ಇವೆ, ನಿಜ. ಅವುಗಳ ಗಾಜು ಹೆಚ್ಚು ದಪ್ಪ. ದಪ್ಪ ಇಮ್ಮಡಿಯಾದರೆ ಬಾಗುವಿಕೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮದು ತೆಳು ಗಾಜು ಮತ್ತು ಪಟ್ಟಿ ಎಂಬ ಒಪ್ಪಂದ. ಒಂದು ಷರತ್ತನ್ನು ಅಳಿಸಿದರೆ ಒಪ್ಪಂದವೇ ಉಳಿಯದು. ತೆಗೆದ ಮೇಲೂ ವಾರಗಟ್ಟಲೆ ನಿಂತಿದೆ ಎಂಬುದು ಪುರಾವೆಯಲ್ಲ. ಸತತ ಭಾರ ಮತ್ತು ತೇವದಲ್ಲಿ ಗಾಜಿನ ಸಣ್ಣ ಗೀರು ನಿಧಾನವಾಗಿ ಬೆಳೆಯಬಲ್ಲದು. ಒಡೆಯುವಾಗ ಮುನ್ಸೂಚನೆ ಕೊಡದು.

ಕಾನೂನಿಗೂ ಈ ಪ್ರಶ್ನೆ ಹಳೆಯದು. ಗಿರಣಿಗಾಗಿ ಕಟ್ಟಿಸಿದ ಜಲಾಶಯದ ನೀರು ನೆರೆಯ ಗಣಿಗೆ ನುಗ್ಗಿದಾಗ, ಮಾಲೀಕನು ಸ್ವತಃ ಅಜಾಗರೂಕನಲ್ಲದಿದ್ದರೂ ಹೊಣೆ ಅವನದೇ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ, ರೈಲೆಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಇಂದಿನ ಚಿತ್ತೂರು ಜಿಲ್ಲೆಯ ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ಹಾನಿಯಾದಾಗ, 1874ರಲ್ಲಿ ಪ್ರಿವಿ ಕೌನ್ಸಿಲ್ ಆ ನಿಯಮವನ್ನು ಅನ್ವಯಿಸಲಿಲ್ಲ. ಕೆರೆಗಳು ಪ್ರಾಚೀನ, ಬೇಸಾಯಕ್ಕೆ ಅನಿವಾರ್ಯ; ಅವನ್ನು ಕಾಪಾಡುವುದು ಜಮೀನ್ದಾರನ ಕರ್ತವ್ಯ; ಅವನಲ್ಲಿ ಅಜಾಗರೂಕತೆಯೂ ಇರಲಿಲ್ಲ. ಪಡಸಾಲೆಯ ಅಲಂಕಾರಕ್ಕೆ ನೀರು ತುಂಬಿಸಿ, ಅದರ ಆಸರೆಯನ್ನು ಕೈಯಾರೆ ಕೊಯ್ದವನಿಗೆ ಆ ರಕ್ಷಣೆ ದೊರೆಯುವಂತಿಲ್ಲ. ಬಾಡಿಗೆ ಮನೆಗಳಲ್ಲಿ, ಮಹಡಿಗಳಲ್ಲಿ ಇರುವವರು ಇದನ್ನು ನೆನಪಿಡಬೇಕು. ಗಾಜಿನ ಎದುರು ಕುಳಿತು ಮೀನು ನೋಡುವ ಮಗುವಿನ ವಿಷಯದಲ್ಲಿ ಯಾವ ಪರಿಹಾರವೂ ಸಾಲದು.

ಆದ್ದರಿಂದ ಪಟ್ಟಿಯನ್ನು ತೆಗೆಯಬಾರದು. ಅದು ತಾನಾಗಿ ಬಿರಿದರೆ ಅಥವಾ ಅಂಟು ಬಿಟ್ಟರೆ ಮೊದಲು ಮಕ್ಕಳನ್ನು ದೂರ ಸರಿಸಿ, ನೀರನ್ನು ಅರ್ಧಕ್ಕೆ ಇಳಿಸಿ. ಎತ್ತರ ಅರ್ಧವಾದರೆ ಒತ್ತುವ ಭಾರ ನಾಲ್ಕನೆಯ ಒಂದು ಭಾಗ, ಸುಮಾರು 30 ಕಿಲೋ ಮಾತ್ರ. ತೆಗೆದ ನೀರನ್ನು ಗಿಡಗಳಿಗೆ ಹಾಕಬಹುದು. ಅನಂತರ ಮೀನುಗಳನ್ನು ಬೇರೆಡೆಗೆ ಸಾಗಿಸಿ, ತೊಟ್ಟಿಯನ್ನು ಪೂರ್ತಿ ಒಣಗಿಸಿ, ಹಳೆಯ ಸಿಲಿಕೋನನ್ನು ಸಂಪೂರ್ಣ ಕೆರೆದು, ಬಲ್ಲವರಿಂದ ಹೊಸ ಪಟ್ಟಿ ಅಂಟಿಸಿ. ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಅಂಟು ಪೂರ್ಣ ಗಟ್ಟಿಯಾದ ಬಳಿಕ, ಮನೆಯ ಹೊರಗೆ ಸಮತಟ್ಟಾದ ಜಾಗದಲ್ಲಿ ನೀರು ತುಂಬಿ ಪರೀಕ್ಷಿಸಿ.

ಮಗ ಬ್ಲೇಡನ್ನು ಪೆಟ್ಟಿಗೆಯಲ್ಲಿಟ್ಟ. ಉದ್ದ ಹಿಡಿಯ ಬ್ರಷ್ ಒಂದು ತಂದುಕೊಟ್ಟೆ. ಈಗ ಪಟ್ಟಿಯ ಪಕ್ಕದಿಂದಲೇ ಮೂಲೆಗಳೂ ಸ್ವಚ್ಛವಾಗುತ್ತಿವೆ.